ಶಾಲೆ ಉಳಿಯಲಿಲ್ಲ, ಸ್ಮಾರಕ ಉಳಿಯಿತು: ಓಕಿನಾವಾದ ಹಿಮೆಯುರಿ ಪ್ರಕರಣ

ಯುದ್ಧದಲ್ಲಿ ಸತ್ತ ವಿದ್ಯಾರ್ಥಿಗಳ ನೆನಪಿಗೆ ಶಾಲೆಗಳು ಕಟ್ಟಿದ ಸ್ಮಾರಕಗಳು ಎಷ್ಟೋ ದೇಶಗಳಲ್ಲಿವೆ. ಹೆಚ್ಚಿನವು ಒಂದೇ ರೀತಿ ಇರುತ್ತವೆ. ಒಂದು ಕಲ್ಲು, ಅದರ ಮೇಲೆ ಹೆಸರುಗಳ ಸಾಲು, ವರ್ಷಕ್ಕೊಮ್ಮೆ ಹೂವು, ಒಂದೆರಡು ಭಾಷಣ. ಇಲ್ಲಿ ಬರೆಯುತ್ತಿರುವ ಸ್ಮಾರಕವೂ ಮೊದಲು ಹಾಗೇ ಇತ್ತು. ಆಮೇಲೆ ಅದು ಬೇರೆಯೇ ಆಯಿತು. ಹಾಗಾಗುವುದಕ್ಕೆ 43 ವರ್ಷ ಹಿಡಿಯಿತು. ಬದಲಾಯಿಸಿದವರು ಸರ್ಕಾರದವರಲ್ಲ, ಸತ್ತವರ ಜೊತೆ ಒಂದೇ ತರಗತಿಯಲ್ಲಿ ಕೂತು ಓದಿದ ಹೆಂಗಸರು.

ಜಪಾನಿನ ದಕ್ಷಿಣದಲ್ಲಿರುವ ಓಕಿನಾವಾ ದ್ವೀಪದ ಇತೊಮಾನ್ ಊರಿನ ಬಳಿ ಈ ಸ್ಮಾರಕ ಇದೆ. ಹೆಸರು ಹಿಮೆಯುರಿ. ನಾಹಾ ಪಟ್ಟಣದ ಅಸಾತೊ ಎಂಬಲ್ಲಿ ಒಂದೇ ಆವರಣದಲ್ಲಿ ಎರಡು ಹೆಣ್ಣುಮಕ್ಕಳ ಶಾಲೆಗಳಿದ್ದವು. ಒಂದು, ಶಿಕ್ಷಕಿಯರನ್ನು ತಯಾರು ಮಾಡುವ ನಾರ್ಮಲ್ ಸ್ಕೂಲು. ಇನ್ನೊಂದು, ಪ್ರಾಂತ್ಯದ ಮೊದಲ ಬಾಲಕಿಯರ ಹೈಸ್ಕೂಲು. ಎರಡಕ್ಕೂ ಒಬ್ಬರೇ ಪ್ರಿನ್ಸಿಪಾಲರು. ಎರಡೂ ಶಾಲೆಯ ಪತ್ರಿಕೆಗಳ ಹೆಸರು ಸೇರಿಸಿ ಹಿಮೆಯುರಿ ಎಂಬ ಹೆಸರು ಬಂದಿತ್ತು. ಯುದ್ಧಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಮೂರು ತಿಂಗಳಲ್ಲಿ ಏನಾಯಿತು

ಎರಡನೇ ಮಹಾಯುದ್ಧದ ಕೊನೆಯ ವರ್ಷ. 1945ರ ಮಾರ್ಚ್ 23ರಂದು, ಓಕಿನಾವಾಕ್ಕೆ ಸೇನೆ ಇಳಿಸುವ ಮುನ್ನದ ಅಮೆರಿಕದ ವಿಮಾನ ದಾಳಿ ಶುರುವಾಯಿತು. ಅದೇ ರಾತ್ರಿ ಈ ಎರಡು ಶಾಲೆಗಳ 222 ವಿದ್ಯಾರ್ಥಿನಿಯರು ಮತ್ತು 18 ಶಿಕ್ಷಕರು ನಡೆದುಕೊಂಡು ಹಾಎಬಾರು ಎಂಬ ಊರಿನ ಸೇನಾ ಆಸ್ಪತ್ರೆಗೆ ಹೋದರು. ಹುಡುಗಿಯರ ವಯಸ್ಸು 15ರಿಂದ 19. ಶಾಲೆಯ ಮೂಲಕ ಬಂದ ಆದೇಶ, ಹೋಗಲೇಬೇಕು. ಎಷ್ಟೋ ಹುಡುಗಿಯರು ಚೀಲದಲ್ಲಿ ಪುಸ್ತಕ, ಪೆನ್ಸಿಲ್ ಡಬ್ಬಿ ಇಟ್ಟುಕೊಂಡಿದ್ದರು. ಆಸ್ಪತ್ರೆ ತಾನೇ, ಗುಂಡು ಬೀಳುವ ಜಾಗ ಅಲ್ಲ, ಸ್ವಲ್ಪ ದಿನದಲ್ಲಿ ವಾಪಸ್ ಬಂದು ಓದು ಮುಂದುವರಿಸಬಹುದು ಅಂತ ನಂಬಿದ್ದರು.

ಆದರೆ ಆಸ್ಪತ್ರೆ ಅಂದರೆ ಕಟ್ಟಡ ಅಲ್ಲ. ಗುಡ್ಡದ ಒಡಲಲ್ಲಿ ಕೈಯಿಂದ ತೋಡಿದ ಸುಮಾರು 40 ಸುರಂಗಗಳು. ಒಳಗೆ ಕತ್ತಲು. ಗೋಡೆಗೆ ಒತ್ತಿದಂತೆ ಎರಡು ಅಂತಸ್ತಿನ ಮರದ ಹಲಗೆಗಳು, ಅವುಗಳ ಮೇಲೆ ಗಾಯಾಳು ಸೈನಿಕರು. ಮಾರ್ಚ್ 29ರ ರಾತ್ರಿ, ಗುಂಡಿನ ಸದ್ದಿನ ನಡುವೆ, ಮೇಣದ ಬತ್ತಿಯ ಬೆಳಕಿನಲ್ಲಿ ಕೊನೆ ವರ್ಷದವರಿಗೆ ಪದವಿ ಸಮಾರಂಭವೂ ಆಯಿತು. ಏಪ್ರಿಲ್ 1ಕ್ಕೆ ಅಮೆರಿಕದ ಸೇನೆ ಮುಖ್ಯ ದ್ವೀಪಕ್ಕೆ ಇಳಿಯಿತು. ಅಲ್ಲಿಂದ ಗಾಯಾಳುಗಳ ಸಾಲು ನಿಲ್ಲಲಿಲ್ಲ.

ಹುಡುಗಿಯರು ಮಾಡಿದ ಕೆಲಸ ಏನು ಅಂತ ಬಿಡಿಸಿ ಹೇಳಬೇಕು. ‘ಶುಶ್ರೂಷೆ ಮಾಡಿದರು’ ಅಂದುಬಿಟ್ಟರೆ ಬಿಳಿ ಬಟ್ಟೆ, ಬ್ಯಾಂಡೇಜು ಕಣ್ಣಿಗೆ ಬರುತ್ತದೆ. ಅವರು ಮಲ ಮೂತ್ರದ ಪಾತ್ರೆಗಳನ್ನು ಹೊರಗೆ ಒಯ್ದು ಸುರಿಯುತ್ತಿದ್ದರು. ಗಾಯದಿಂದ ಹುಳ ಆರಿಸಿ ತೆಗೆಯುತ್ತಿದ್ದರು. ಅರಿವಳಿಕೆ ಸಾಕಷ್ಟಿಲ್ಲದೆ ಕೈಕಾಲು ಕತ್ತರಿಸುವಾಗ ಹಿಡಿದುಕೊಳ್ಳುತ್ತಿದ್ದರು. ಅಡುಗೆ ಮಾಡುವ ಜಾಗದಿಂದ ಅನ್ನದ ಮರದ ಪೀಪಾಯಿಯನ್ನು ಇಬ್ಬರು ಸೇರಿ ಹೊತ್ತು, ಗುಂಡು ಬೀಳುವ ಬಯಲಲ್ಲಿ ಓಡಿ ಸುರಂಗಕ್ಕೆ ತರುತ್ತಿದ್ದರು. ಸತ್ತವರನ್ನು ಹೂಳುವುದೂ ಅವರದೇ ಕೆಲಸ. ದಿನ ಕಳೆದಂತೆ ಅನ್ನದ ಉಂಡೆ ಪಿಂಗ್‌ಪಾಂಗ್ ಚೆಂಡಿನಷ್ಟು ಚಿಕ್ಕದಾಯಿತು ಅಂತ ಬದುಕುಳಿದವರು ನೆನಪಿಸಿಕೊಂಡಿದ್ದಾರೆ.

ಮೇ 25ಕ್ಕೆ ಆಸ್ಪತ್ರೆ ದಕ್ಷಿಣಕ್ಕೆ ಹೊರಟಿತು. ಮಳೆಗಾಲ, ಮೊಣಕಾಲುದ್ದ ಕೆಸರು. ನಡೆಯಲಾಗದ ಗಾಯಾಳುಗಳನ್ನು ಅಲ್ಲೇ ಬಿಟ್ಟರು. ಅವರಿಗೆ ಹಾಲಿನಲ್ಲಿ ಸಯನೈಡ್ ಬೆರೆಸಿ ಕೊಟ್ಟರು. ದಕ್ಷಿಣದ ತುದಿಯಲ್ಲಿ ಹುಡುಗಿಯರು ಬೇರೆ ಬೇರೆ ಸುಣ್ಣಕಲ್ಲಿನ ಗುಹೆಗಳಲ್ಲಿ ಅಡಗಿದರು. ಅಲ್ಲಿ ಆಸ್ಪತ್ರೆಯೇ ಇಲ್ಲ, ಔಷಧಿಯೂ ಇಲ್ಲ.

ಜೂನ್ 18ರ ರಾತ್ರಿ ಸೇನೆಯಿಂದ ಆದೇಶ ಬಂತು: ವಿದ್ಯಾರ್ಥಿನಿಯರ ದಳ ಇವತ್ತಿಗೆ ಮುಗಿಯಿತು, ಇನ್ನು ನಿಮ್ಮ ದಾರಿ ನಿಮಗೆ.

ಸುತ್ತಲೂ ಅಮೆರಿಕದ ಸೇನೆ. ಮುಂದೆ ಸಮುದ್ರ. ಸೆರೆ ಸಿಕ್ಕುವುದು ಸಾಯುವುದಕ್ಕಿಂತ ಅವಮಾನ ಅಂತ ಶಾಲೆಯಲ್ಲೇ ಕಲಿಸಿದ್ದರು. ಮರುದಿನ ಬೆಳಿಗ್ಗೆ ಇಹಾರಾ ಎಂಬಲ್ಲಿ, ಮೂರನೇ ಶಸ್ತ್ರಚಿಕಿತ್ಸಾ ವಿಭಾಗದ ಗುಹೆಯಿಂದ ಎಲ್ಲರೂ ಹೊರಡುವ ಮೊದಲೇ ಒಳಗೆ ಗ್ಯಾಸ್ ಬಾಂಬು ಬಿತ್ತು. ಒಳಗಿದ್ದವರಲ್ಲಿ 80ಕ್ಕೂ ಹೆಚ್ಚು ಜನ ಸತ್ತರು. ಬೇರೆ ಗುಹೆಗಳಿಂದ ಹೊರಟವರು ಬಯಲಲ್ಲಿ, ಬಂಡೆಗಳ ನಡುವೆ, ಕಡಲ ತೀರದಲ್ಲಿ ಸತ್ತರು. ಅರಸಾಕಿ ಎಂಬ ತೀರದಲ್ಲಿ ಒಬ್ಬ ಶಿಕ್ಷಕರ ಜೊತೆಗಿದ್ದ ಗುಂಪು ಗ್ರೆನೇಡ್ ಸಿಡಿಸಿಕೊಂಡು ಪ್ರಾಣ ಬಿಟ್ಟಿತು.

ಆಸ್ಪತ್ರೆಗೆ ಹೋದ 240 ಜನರಲ್ಲಿ 136 ಜನ ಸತ್ತರು: 123 ವಿದ್ಯಾರ್ಥಿನಿಯರು, 13 ಶಿಕ್ಷಕರು. ಈ ಪ್ರಕರಣದ ತಿರುಳು ಇನ್ನೊಂದು ಲೆಕ್ಕದಲ್ಲಿದೆ. ಆದೇಶ ಬರುವವರೆಗಿನ ಸುಮಾರು ಮೂರು ತಿಂಗಳಲ್ಲಿ, ಅಷ್ಟು ಗುಂಡಿನ ಮಳೆಯಲ್ಲಿ ಸತ್ತವರು 19. ಆದೇಶ ಬಂದ ಮೇಲೆ ಕೆಲವೇ ದಿನಗಳಲ್ಲಿ ಸತ್ತವರು ನೂರಕ್ಕೂ ಹೆಚ್ಚು. ಅಂದರೆ ಹೆಚ್ಚಿನವರು ಸತ್ತಿದ್ದು ಕೆಲಸದ ಮೇಲಿದ್ದಾಗ ಅಲ್ಲ. ಕರೆದುಕೊಂಡು ಹೋದವರು ಕೈಬಿಟ್ಟ ಮೇಲೆ.

ಮೊದಲ ಕಲ್ಲು

ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ ನಾಹಾ ಬಳಿಯ ಮಾವಾಶಿ ಎಂಬ ಹಳ್ಳಿಯ ಜನರನ್ನು ದಕ್ಷಿಣದ ತುದಿಗೆ ತಂದು ಬಿಟ್ಟಿತು. ಅಲ್ಲಿ ಹೊಲದಲ್ಲಿ, ಪೊದೆಯಲ್ಲಿ, ದಾರಿಯಲ್ಲಿ ಎಲ್ಲೆಲ್ಲೂ ಮೂಳೆಗಳು. ಹಳ್ಳಿಯ ಮುಖ್ಯಸ್ಥರು ಕಿಂಜೊ ವಾಶಿನ್. ಅವರ ಇಬ್ಬರು ಹೆಣ್ಣುಮಕ್ಕಳೂ ವಿದ್ಯಾರ್ಥಿನಿಯರಾಗಿ ಯುದ್ಧಕ್ಕೆ ಹೋಗಿ ಸತ್ತಿದ್ದರು. ಮೂಳೆ ಆರಿಸಲು ಬಿಡಿ ಅಂತ ಅವರು ಅಮೆರಿಕದ ಅಧಿಕಾರಿಗಳನ್ನು ಕೇಳಿಕೊಂಡರು. ಊರವರೆಲ್ಲ ಸೇರಿ ಮೂಳೆ ಒಟ್ಟು ಮಾಡಿದರು. ಆಮೇಲೆ, 1946ರ ಏಪ್ರಿಲ್ 7ರಂದು, ಇಹಾರಾದ ಆ ಗುಹೆಯ ಬಾಯಿಯ ಪಕ್ಕದಲ್ಲೇ ಒಂದು ಚಿಕ್ಕ ಕಲ್ಲು ನಿಲ್ಲಿಸಿದರು.

ತೀರಾ ಚಿಕ್ಕ ಕಲ್ಲು ಅದು. ಊಟಕ್ಕೇ ಗತಿಯಿಲ್ಲದ, ಡೇರೆಗಳಲ್ಲಿ ಬದುಕುತ್ತಿದ್ದ ಜನ ಕೈಗೆ ಸಿಕ್ಕಿದ್ದರಲ್ಲಿ ಮಾಡಿದ್ದು. ಈಗ ಅದರ ಹಿಂದೆ ಹೂವಿನ ಕೆತ್ತನೆಯಿರುವ ದೊಡ್ಡ ಬಿಳಿ ಸ್ಮಾರಕ ಇದೆ, ಹೆಸರುಗಳೂ ಇವೆ. ಆದರೆ ಆ ಮೊದಲ ಕಲ್ಲನ್ನು ಯಾರೂ ತೆಗೆಯಲಿಲ್ಲ. ಅದು ಸರಿಯಾದ ಕೆಲಸ. ಮಕ್ಕಳನ್ನು ಕಳೆದುಕೊಂಡವರು ಬರಿಗೈಯಲ್ಲಿ ನಿಲ್ಲಿಸಿದ ಕಲ್ಲಿಗೆ ಇರುವ ತೂಕ, ನಂತರ ದುಡ್ಡು ಹಾಕಿ ಮಾಡಿಸಿದ್ದಕ್ಕೆ ಬರುವುದಿಲ್ಲ.

ಕಲ್ಲಿನ ಮೇಲೆ ಬೇರೆಯವರ ಕಥೆ

ತೊಂದರೆ ಶುರುವಾಗಿದ್ದು ಆಮೇಲೆ. 1950ರ ದಶಕದಲ್ಲಿ ಕಾದಂಬರಿ, ಸಿನಿಮಾ ಬಂದು ಹಿಮೆಯುರಿ ಜಪಾನಿನಾದ್ಯಂತ ಹೆಸರಾಯಿತು. ಪ್ರವಾಸಿ ಬಸ್ಸುಗಳು ಬಂದು ನಿಲ್ಲತೊಡಗಿದವು. ಸುತ್ತ ಹೂವಿನ ಅಂಗಡಿ, ನೆನಪಿನ ವಸ್ತುಗಳ ಅಂಗಡಿ. ಗೈಡುಗಳು ಕಣ್ಣೀರು ಬರಿಸುವ ಹಾಗೆ ಕಥೆ ಹೇಳುತ್ತಿದ್ದರು: ದೇಶಕ್ಕಾಗಿ ನಗುನಗುತ್ತಾ ಪ್ರಾಣ ಕೊಟ್ಟ ಮುಗ್ಧ ಕನ್ಯೆಯರು, ಅರಳುವ ಮೊದಲೇ ಬಾಡಿದ ಹೂವುಗಳು.

ಕೇಳುವವರಿಗೆ ಹಿತ. ಆದರೆ ಅದು ನಡೆದದ್ದಲ್ಲ. ಯಾರೂ ನಗುನಗುತ್ತಾ ಸತ್ತಿರಲಿಲ್ಲ. ಅಮ್ಮಾ ಅಂತ ಕೂಗುತ್ತಾ, ನೀರು ಕೇಳುತ್ತಾ ಸತ್ತಿದ್ದರು. ಅದನ್ನು ಕಂಡವರು ಬದುಕಿದ್ದರು, ಆದರೆ ಬಾಯಿ ಬಿಡುತ್ತಿರಲಿಲ್ಲ. ಯಾಕೆ ಅಂತ ಅವರೇ ನಂತರ ಹೇಳಿದ್ದಾರೆ. ಗೆಳತಿಯರನ್ನು ಬಿಟ್ಟು ಓಡಿ ಬಂದೆವು ಎಂಬ ಸಂಕಟ. ಸತ್ತವರ ತಾಯಂದಿರು ಎದುರು ಸಿಕ್ಕರೆ ಏನು ಹೇಳುವುದು? ನನ್ನ ಮಗಳು ಬರಲಿಲ್ಲ, ನೀನು ಮಾತ್ರ ಹೇಗೆ ಬಂದೆ ಅಂತ ಅವರು ಕೇಳದೆ ಇದ್ದರೂ ಆ ಪ್ರಶ್ನೆ ಕಣ್ಣಲ್ಲಿ ಕಾಣುತ್ತಿತ್ತು. ಎಷ್ಟೋ ಜನ ದಶಕಗಟ್ಟಲೆ ಆ ಸ್ಮಾರಕದ ಕಡೆ ಕಾಲಿಡಲೇ ಇಲ್ಲ.

ಸ್ಮಾರಕ ರಾಜಕೀಯದ ಕೈಗೂ ಸಿಕ್ಕಿತು. 1975ರ ಜುಲೈ 17ರಂದು ಆಗಿನ ಯುವರಾಜ ಅಕಿಹಿತೊ ದಂಪತಿ ಇಲ್ಲಿ ಹೂವಿಡಲು ಬಂದಾಗ, ಗುಹೆಯೊಳಗೆ ಮೊದಲೇ ಅಡಗಿ ಕೂತಿದ್ದವರು ಪೆಟ್ರೋಲ್ ಬಾಂಬು ಎಸೆದರು. ಚಕ್ರವರ್ತಿಯ ಹೆಸರಲ್ಲಿ ನಡೆದ ಯುದ್ಧಕ್ಕೆ ಅದು ಅವರ ಪ್ರತಿಭಟನೆ. ಹುಡುಗಿಯರು ಸತ್ತ ಗುಹೆಯನ್ನೇ ಅಡಗುದಾಣ ಮಾಡಿಕೊಂಡದ್ದು ನನಗೆ ಈಗಲೂ ಕ್ರೂರವಾಗಿಯೇ ಕಾಣುತ್ತದೆ. ಒಂದು ಕಡೆ ‘ದೇಶಭಕ್ತಿಯ ಹೂವು’ ಅನ್ನುವವರು, ಇನ್ನೊಂದು ಕಡೆ ಬಾಂಬು ಎಸೆಯುವವರು. ಸತ್ತ ಒಬ್ಬೊಬ್ಬ ಹುಡುಗಿ ಯಾರು, ಅವಳಿಗೆ ಏನಾಯಿತು ಅಂತ ಕೇಳಿದವರು ಇಬ್ಬರಲ್ಲೂ ಇರಲಿಲ್ಲ.

ಬರೀ ಹೆಸರು ಕೆತ್ತಿದ ಸ್ಮಾರಕದ ದೊಡ್ಡ ಕೊರತೆ ಇದೇ ಅಂತ ನನ್ನ ಅನಿಸಿಕೆ. ಹೆಸರು ಸುಮ್ನೆ ಇರುತ್ತದೆ. ಅದರ ಮೇಲೆ ಯಾರು ಬೇಕಾದರೂ ತಮಗೆ ಬೇಕಾದ ಅರ್ಥ ಹೊರಿಸಬಹುದು. ನಮ್ಮಲ್ಲೂ ಯೋಧರು ಓದಿದ ಶಾಲೆಗಳಲ್ಲಿ ಪುತ್ಥಳಿ ಇಟ್ಟು ಆಗಸ್ಟ್ 15ಕ್ಕೆ ಹಾರ ಹಾಕುತ್ತೇವೆ. ಅವರು ಯಾವ ಬೆಂಚಿನಲ್ಲಿ ಕೂರುತ್ತಿದ್ದರು, ಯಾವ ಆಟ ಆಡುತ್ತಿದ್ದರು, ಸತ್ತಿದ್ದು ಹೇಗೆ ಅಂತ ಕೇಳಿದರೆ ಆ ಶಾಲೆಯ ಮಕ್ಕಳಿಗೆ ಗೊತ್ತಿರುವುದು ಕಡಿಮೆ, ಅಲ್ವಾ?

227 ಮುಖಗಳು

ಮೌನ ಮುರಿಯುವ ಕೆಲಸದಲ್ಲಿ ಮೊದಲ ಹೆಸರು ನಕಾಸೊನೆ ಸೇಝೆನ್ ಅವರದು. ಹುಡುಗಿಯರ ಜೊತೆ ಹೋದ ಶಿಕ್ಷಕರಲ್ಲಿ ಒಬ್ಬರು. ಕೊನೆಯ ದಿನಗಳಲ್ಲಿ ಗಾಯಗೊಂಡಿದ್ದರು. ಕ್ಯಾನ್ ಎಂಬ ತೀರದಲ್ಲಿ ತಮ್ಮ ಜೊತೆಗಿದ್ದ ವಿದ್ಯಾರ್ಥಿನಿಯರು ಗ್ರೆನೇಡ್ ಎಳೆಯಲು ಹೊರಟಾಗ ತಡೆದರು. ಎಲ್ಲರೂ ಸೆರೆಯಾದರು, ಹಾಗಾಗಿ ಬದುಕಿದರು. ಯುದ್ಧ ಮುಗಿದ ಮೇಲೆ ಬದುಕುಳಿದ ಹುಡುಗಿಯರಿಂದ ಅವರ ನೆನಪುಗಳನ್ನು ಬರೆಸಿ, ಒಟ್ಟು ಮಾಡಿ, 1951ರಲ್ಲಿ ಪ್ರಕಟಿಸಿದರು. ಮಕ್ಕಳನ್ನು ಯುದ್ಧಕ್ಕೆ ಕರೆದುಕೊಂಡು ಹೋದವರಲ್ಲಿ ನಾನೂ ಒಬ್ಬ ಎಂಬ ಭಾರ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1982ರಲ್ಲಿ ಹಳೆ ವಿದ್ಯಾರ್ಥಿನಿಯರ ಸಂಘ ಒಂದು ತೀರ್ಮಾನಕ್ಕೆ ಬಂತು. ಸ್ಮಾರಕದ ಪಕ್ಕದಲ್ಲೇ ಒಂದು ಮ್ಯೂಸಿಯಂ ಕಟ್ಟಬೇಕು. ಸರ್ಕಾರದ ಹಣ ಬೇಡ, ನಾವೇ ಕೂಡಿಸೋಣ. ಆಗ ಅವರಿಗೆ ಐವತ್ತು ದಾಟಿತ್ತು. ಹೆಚ್ಚಿನವರು ಶಿಕ್ಷಕಿಯರಾಗಿ, ಗೃಹಿಣಿಯರಾಗಿ ಜೀವನ ಕಳೆದವರು. ಮ್ಯೂಸಿಯಂ ಮಾಡುವುದು ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ಆದರೂ ತಾವು ಓಡಿ ಬಂದ ಗುಹೆಗಳಿಗೆ ಮತ್ತೆ ಇಳಿದರು. ಕೆಸರಿನಲ್ಲಿ ಉಳಿದಿದ್ದ ಮೂಳೆ, ಗೆಳತಿಯರ ಶಾಲೆಯ ಸಾಮಾನುಗಳನ್ನು ಎತ್ತಿ ತಂದರು. ಸತ್ತವರ ಮನೆಮನೆಗೆ ಹೋಗಿ ಫೋಟೊ ಕೇಳಿದರು. ಯಾವ ತಾಯಂದಿರ ಎದುರು ನಿಲ್ಲಲು ಹೆದರಿದ್ದರೋ ಅವರ ಬಾಗಿಲನ್ನೇ ತಟ್ಟಿದರು. ಇಡೀ ಪ್ರಕರಣದಲ್ಲಿ ನನ್ನ ಮಟ್ಟಿಗೆ ಅತಿ ದೊಡ್ಡ ಧೈರ್ಯ ಇದೇ.

1989ರ ಜೂನ್ 23ರಂದು ಮ್ಯೂಸಿಯಂ ತೆರೆಯಿತು. ನಕಾಸೊನೆ ಮೊದಲ ನಿರ್ದೇಶಕರಾದರು.

ಒಳಗೆ ಒಂದು ಕೋಣೆಯನ್ನು ವಿವರವಾಗಿ ನೋಡೋಣ. ಗೋಡೆಯುದ್ದಕ್ಕೂ ಫೋಟೊಗಳು. ಒಟ್ಟು 227 ಜನ. ಸೇನಾ ಆಸ್ಪತ್ರೆಗೆ ಹೋಗಿ ಸತ್ತ 136 ಜನರ ಜೊತೆ, ಅದೇ ಶಾಲೆಗಳಿಗೆ ಸೇರಿದ, ಬೇರೆ ಕಡೆ ಯುದ್ಧದಲ್ಲಿ ಸತ್ತ 91 ಜನರನ್ನೂ ಸೇರಿಸಿದ್ದಾರೆ. ಈ ನಿರ್ಧಾರ ಸಣ್ಣದಲ್ಲ. ದಳದಲ್ಲಿದ್ದವರು, ಇಲ್ಲದವರು ಅಂತ ಬೇರೆ ಮಾಡಿದ್ದರೆ ಅದು ಸೇನೆಯ ಪಟ್ಟಿಯಾಗುತ್ತಿತ್ತು. ಒಟ್ಟಿಗೆ ಇಟ್ಟಿದ್ದರಿಂದ ಶಾಲೆಯ ಪಟ್ಟಿಯಾಯಿತು. ಫೋಟೊದ ಕೆಳಗೆ ಹೆಸರು, ಸ್ವಭಾವ ಎಂಥದ್ದು, ಯಾವುದರಲ್ಲಿ ಆಸಕ್ತಿ, ಎಲ್ಲಿ ಹೇಗೆ ಸತ್ತಳು ಎಂಬ ವಿವರ. ಕೊನೆಗೆ ಅವಳನ್ನು ಕಂಡವರು ಯಾರೂ ಉಳಿದಿಲ್ಲದಿದ್ದರೆ ಹಾಗೇ ಬರೆದಿದ್ದಾರೆ. ಊಹೆ ಮಾಡಿ ತುಂಬಿಲ್ಲ.

ಅದೇ ಕೋಣೆಯಲ್ಲಿ ಇಹಾರಾದ ಗುಹೆಯ ಬಾಯಿಯನ್ನು ಅದರ ನಿಜವಾದ ಗಾತ್ರದಲ್ಲೇ ಮಾಡಿ ಇಟ್ಟಿದ್ದಾರೆ. ಮುಂದೆ ದೊಡ್ಡ ಅಕ್ಷರದ ಪುಸ್ತಕಗಳು ತೆರೆದಿವೆ, ಬದುಕುಳಿದವರ ಮಾತು ಅವುಗಳಲ್ಲಿ. ನಿಂತು ಓದಬೇಕು. ಹಾಳೆ ತಿರುಗಿಸುತ್ತಾ ತಲೆ ಎತ್ತಿದರೆ ಎದುರಿಗೆ ಆ ಮುಖಗಳು.

ಗೈಡುಗಳ ‘ನಗುನಗುತ್ತಾ ಪ್ರಾಣ ಕೊಟ್ಟ’ ಕಥೆಯನ್ನು ಈ ಗೋಡೆಯ ಎದುರು ಹೇಳಲು ಆಗುವುದಿಲ್ಲ. ಜೂನ್ 19, ಜೂನ್ 20, ಜೂನ್ 21 ಅಂತ ಸಾವಿನ ದಿನಾಂಕಗಳು ಒಂದೇ ಕಡೆ ಗುಂಪಾಗುವುದು ನೋಡಿದವರಿಗೆ ತಾನಾಗೇ ಕಾಣುತ್ತದೆ. 18ರ ರಾತ್ರಿ ಏನಾಯಿತು ಅಂತ ಅವರೇ ಕೇಳುತ್ತಾರೆ. ವಾದ ಮಾಡುವ ಅಗತ್ಯವೇ ಇಲ್ಲ.

ಇನ್ನೊಂದು ವಿಷಯವನ್ನೂ ಅವರು ಮುಚ್ಚಿಡಲಿಲ್ಲ. ಶಾಲೆ ಈ ಹುಡುಗಿಯರಿಗೆ ಏನು ಕಲಿಸಿತ್ತು? ಪಾಠದ ಸಮಯದಲ್ಲಿ ಕಂದಕ ತೋಡಿಸಿದ್ದು, ಸೇನೆಯ ಶಿಸ್ತು ತುಂಬಿದ್ದು, ಸೆರೆ ಸಿಕ್ಕಬಾರದು ಅಂತ ಹೇಳಿಕೊಟ್ಟದ್ದು, ಎಲ್ಲವೂ ಪ್ರದರ್ಶನದಲ್ಲಿದೆ. ತಮ್ಮ ಶಾಲೆಯ ಸ್ಮಾರಕದಲ್ಲಿ ತಮ್ಮ ಶಾಲೆಯ ತಪ್ಪನ್ನೂ ಬರೆಯುವುದು ಸುಲಭದ ಮಾತಲ್ಲ. ಶಾಲೆಯನ್ನು ಅವರು ಪ್ರೀತಿಸುತ್ತಿದ್ದರು. ಹಾಡು, ಮೈದಾನ, ಮರಗಳ ಸಾಲು ಎಲ್ಲದರ ಬಗ್ಗೆಯೂ ಅಕ್ಕರೆಯಿಂದ ಬರೆದಿದ್ದಾರೆ. ಆ ಪ್ರೀತಿ ಇದ್ದದ್ದರಿಂದಲೇ ತಪ್ಪು ಹೇಳುವ ಹಕ್ಕೂ ಅವರಿಗೆ ಬಂತು.

ಮುಂದೆ ನೋಡಿಕೊಳ್ಳುವವರು ಯಾರು?

ಶಾಲೆಯ ಸ್ಮಾರಕಕ್ಕೆ ಒಂದು ಅನುಕೂಲ ಇರುತ್ತದೆ. ಪ್ರತಿ ವರ್ಷ ಹೊಸ ಮಕ್ಕಳು ಬರುತ್ತಾರೆ, ಯಾರೋ ಒಬ್ಬರು ಕಲ್ಲು ಒರೆಸುತ್ತಾರೆ. ಹಿಮೆಯುರಿಗೆ ಆ ಅನುಕೂಲವೂ ಇಲ್ಲ. ಎರಡೂ ಶಾಲೆಗಳು 1945ರಲ್ಲೇ ಮುಗಿದವು, ಮತ್ತೆ ತೆರೆಯಲಿಲ್ಲ. ಅವು ಇದ್ದ ಜಾಗದಲ್ಲಿ ಈಗ ಸಕಾಯೆಮಾಚಿ ಮಾರುಕಟ್ಟೆ ಇದೆ. ಅಂದಮೇಲೆ ಈ ಶಾಲೆಗಳಿಗೆ ಹೊಸ ಹಳೆ ವಿದ್ಯಾರ್ಥಿನಿಯರು ಬರುವ ಮಾತೇ ಇಲ್ಲ. ಸಂಘದ ಕೊನೆಯ ಸದಸ್ಯೆ ಯಾವಾಗಲೋ ಒಂದು ದಿನ ಹೋಗಲೇಬೇಕು.

ಇದನ್ನು ಅವರು ಬಹಳ ಮುಂಚೆಯೇ ಲೆಕ್ಕ ಹಾಕಿದರು. ಮ್ಯೂಸಿಯಂ ತೆರೆದಾಗಿನಿಂದ ಬದುಕುಳಿದವರೇ ಪಾಳಿಯಲ್ಲಿ ಬಂದು ಶಾಲಾ ಮಕ್ಕಳ ಎದುರು ನಿಂತು ಮಾತಾಡುತ್ತಿದ್ದರು. 2000ದ ನಂತರ ಯುದ್ಧ ನೋಡದ ಪೀಳಿಗೆಯವರನ್ನು ಕೆಲಸಕ್ಕೆ ಸೇರಿಸಿಕೊಂಡು, ವರ್ಷಗಟ್ಟಲೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. 2015ರ ಮಾರ್ಚ್‌ನಲ್ಲಿ ಬದುಕುಳಿದವರು ಮ್ಯೂಸಿಯಂನಲ್ಲಿ ಭಾಷಣ ಕೊಡುವುದನ್ನು ನಿಲ್ಲಿಸಿದರು. ಆಗ ಅವರಿಗೆಲ್ಲ ಸುಮಾರು ಎಂಬತ್ತೈದು, ಅದಕ್ಕೂ ಜಾಸ್ತಿ. 2018ರಲ್ಲಿ, ಹಿಮೆಯುರಿ ವಿದ್ಯಾರ್ಥಿನಿಯೇ ಆಗಿದ್ದ ಶಿಮಾಬುಕುರೊ ಯೋಶಿಕೊ ಅವರ ನಂತರ, ಯುದ್ಧ ಮುಗಿದ ಮೇಲೆ ಹುಟ್ಟಿದವರೊಬ್ಬರು ಮೊದಲ ಬಾರಿಗೆ ನಿರ್ದೇಶಕರಾದರು. ಅದಕ್ಕೂ ಮೊದಲೇ ಹಳೆ ವಿದ್ಯಾರ್ಥಿನಿಯರ ಸಂಘ ಸಾರ್ವಜನಿಕ ಹಿತದ ಪ್ರತಿಷ್ಠಾನವಾಗಿ ಬದಲಾಗಿತ್ತು. ಕೈಯಲ್ಲಿ ಶಕ್ತಿ ಇದ್ದಾಗಲೇ ಬೀಗದ ಕೈ ಕೊಟ್ಟದ್ದು ಇವರ ಜಾಣತನ. ಹೆಚ್ಚಿನ ಸಂಘಗಳು ಕೊನೆಯ ಗಳಿಗೆಯವರೆಗೆ ಕಾದು ಕೈಸುಟ್ಟುಕೊಳ್ಳುತ್ತವೆ.

2021ರ ಏಪ್ರಿಲ್‌ನಲ್ಲಿ ಪ್ರದರ್ಶನವನ್ನೇ ಹೊಸದು ಮಾಡಿದರು. ಈಗ ಬರುವ ಮಕ್ಕಳಿಗೆ ಅಜ್ಜಿಗೂ ಯುದ್ಧ ಗೊತ್ತಿಲ್ಲ. ಅವರ ಕಣ್ಣಿಗೆ ಕಪ್ಪುಬಿಳುಪು ಫೋಟೊದಲ್ಲಿ ಗಂಭೀರವಾಗಿ ನಿಂತ ಹುಡುಗಿಯರು ಯಾವುದೋ ದೂರದ ಕಾಲದವರು. ಅದಕ್ಕೇ ಶಾಲೆಯ ದಿನಗಳ ಭಾಗವನ್ನು ಬದಲಾಯಿಸಿ, ನಗುತ್ತಿರುವ ಫೋಟೊಗಳನ್ನೂ ದಿನನಿತ್ಯದ ಚಿತ್ರಗಳನ್ನೂ ಹಾಕಿದರು. ಇವಳೂ ನನ್ನ ಹಾಗೇ ಇದ್ದಳಲ್ಲ ಅಂತ ಮೊದಲು ಅನಿಸಬೇಕು. ಗುಹೆ ಆಮೇಲೆ.

ಕೊರೊನಾ ಬಂದಾಗ ದೊಡ್ಡ ಪೆಟ್ಟು ಬಿತ್ತು. ಟಿಕೆಟ್ ಹಣವೇ ಆಧಾರ, ಶಾಲಾ ಪ್ರವಾಸಗಳೆಲ್ಲ ನಿಂತವು. ಜನರಿಂದ ದೇಣಿಗೆ ಬಂದು ದಾಟಿಕೊಂಡರು.

2025ರ ಮೇ ತಿಂಗಳಲ್ಲಿ ಇನ್ನೊಂದು ರೀತಿಯ ಪರೀಕ್ಷೆ ಬಂತು. ಆಡಳಿತ ಪಕ್ಷದ ಸಂಸದರೊಬ್ಬರು ನಾಹಾದಲ್ಲಿ ನಡೆದ ಸಭೆಯಲ್ಲಿ, ಹಿಮೆಯುರಿಯ ಪ್ರದರ್ಶನ ಇತಿಹಾಸವನ್ನೇ ತಿರುಚಿದೆ ಅಂದರು. ಜಪಾನಿನ ಸೇನೆ ಬಂದದ್ದರಿಂದ ಹುಡುಗಿಯರು ಸತ್ತರು, ಅಮೆರಿಕ ಬಂದು ಬಿಡುಗಡೆ ಮಾಡಿತು ಎಂಬಂತೆ ಅಲ್ಲಿ ಬರೆದಿದೆ ಅನ್ನುವುದು ಅವರ ಮಾತು. ಅಂಥ ವಾಕ್ಯ ನಮ್ಮಲ್ಲಿ ಇಲ್ಲ, ಹಿಂದೆಯೂ ಇರಲಿಲ್ಲ ಅಂತ ಮ್ಯೂಸಿಯಂ ಹೇಳಿತು. ಓಕಿನಾವಾದಲ್ಲಿ ಜನ ಸಿಟ್ಟಾದರು. ಕೆಲವೇ ದಿನಗಳಲ್ಲಿ ಸಂಸದರು ಮಾತು ಹಿಂತೆಗೆದುಕೊಂಡು ಕ್ಷಮೆ ಕೇಳಿದರು.

ಬರೀ ಹೆಸರಿನ ಕಲ್ಲಾಗಿದ್ದರೆ ಆ ಮಾತಿಗೆ ಉತ್ತರ ಕೊಡುವುದು ಕಷ್ಟವಿತ್ತು. ಇಲ್ಲಿ ಏನು ಬರೆದಿದೆ, ಯಾರು ಕಂಡು ಹೇಳಿದ್ದು ಅಂತ ತೋರಿಸಲು ಒಬ್ಬೊಬ್ಬರ ವಿವರವೂ ಗೋಡೆಯ ಮೇಲಿದೆ.

ಓಕಿನಾವಾದ ಉಳಿದ ಶಾಲೆಗಳಿಗೆ ಈ ಭದ್ರತೆ ಇಲ್ಲ. ಆ ಯುದ್ಧಕ್ಕೆ ದ್ವೀಪಗಳ 21 ಶಾಲೆಗಳ ಮಕ್ಕಳನ್ನು ಎಳೆದಿದ್ದರು. ಗಂಡುಮಕ್ಕಳು ‘ರಕ್ತ ಮತ್ತು ಕಬ್ಬಿಣದ ದಳ’ ಎಂಬ ಹೆಸರಿನಲ್ಲಿ ಹೋದರು. ಅವರಲ್ಲಿ ಕೆಲವರಿಗೆ 14 ವರ್ಷ. ನಂತರ ಓಕಿನಾವಾದ ಗವರ್ನರ್ ಆದ ಓತಾ ಮಸಾಹಿದೆ ಅದೇ ದಳದಲ್ಲಿ ಬದುಕುಳಿದವರು. ಅವರ ಕಾಲದಲ್ಲಿ, 1995ರಲ್ಲಿ, ಆ ಯುದ್ಧದಲ್ಲಿ ಸತ್ತ ಎಲ್ಲರ ಹೆಸರನ್ನೂ, ಯಾವ ದೇಶದವರೆಂದು ನೋಡದೆ, ಕೆತ್ತಿದ ಸ್ಮಾರಕ ಎದ್ದಿತು. ಬೇರೆ ಶಾಲೆಗಳ ಸ್ಮಾರಕಗಳು ದಕ್ಷಿಣದ ತುದಿಯಲ್ಲಿ ಅಲ್ಲಲ್ಲಿ ಇವೆ. ಬಸ್ಸುಗಳು ಅಲ್ಲಿ ನಿಲ್ಲುವುದು ಕಡಿಮೆ. 2017ರಲ್ಲಿ 21 ಶಾಲೆಗಳ ಹೆಸರೂ ಇರುವ ಒಂದು ಕಲ್ಲನ್ನು ಪ್ರಾಂತ್ಯದ ಸರ್ಕಾರ ನಿಲ್ಲಿಸಿತು. ಹಿಮೆಯುರಿ ಮ್ಯೂಸಿಯಂ ಕೂಡ ತನ್ನದಲ್ಲದ ಆ ಶಾಲೆಗಳ ಮಕ್ಕಳ ಬಗ್ಗೆ ಪ್ರದರ್ಶನ ಮಾಡಿದೆ. ಆದರೆ ಫೋಟೊ ಕೇಳಿಕೊಂಡು ಮನೆಮನೆಗೆ ಹೋಗುವಂಥ ಕೆಲಸವನ್ನು ಜೊತೆಯಲ್ಲಿ ಓದಿದವರೇ ಮಾಡಬೇಕು, ಅವರಲ್ಲಿ ಈಗ ಉಳಿದಿರುವವರು ತೊಂಬತ್ತು ದಾಟಿದ್ದಾರೆ.